ಅಜ್ಜಿ ಪಾಸ್, ಅಪ್ಪ ಫೇಲ್

ನಾನು ಮನೆಯಲ್ಲಿ ಯಾವ ಕೆಲಸಕ್ಕೂ ಬಾರದವನು ಅಂತ ನನ್ನ ಹೆಂಡತಿ ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದಾಳೆ. ನಾನು ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಮನೆ ಮಾತು ಮನೆಯಲ್ಲೇ ಇರುತ್ತದಲ್ಲ ಅಂತ ಸುಮ್ನಿದ್ದೆ. ಆದರೆ ಪರದೇಶದ ಸರ್ಕಾರವೊಂದು ಅದನ್ನೇ ಬರವಣಿಗೆಯಲ್ಲಿ ಹೇಳಿದ ಮೇಲೆ ಹೇಗೆ ಸುಮ್ನಿರೋದು?

ಆಗಿದ್ದು ಇಷ್ಟು. ನನ್ನ ಬಾಮೈದ ಸಿಂಗಾಪುರದಲ್ಲಿ ಕೆಲಸದಲ್ಲಿದ್ದಾನೆ. ಇನ್ನೂ ಮದುವೆ ಆಗಿಲ್ಲ. ಹಾಗಾಗಿ ಮಕ್ಕಳನ್ನು ಹೇಗೆ ಬೆಳೆಸಬೇಕು ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು. ದೀಪಾವಳಿಗೆ ಬಂದವನು ನಮ್ಮ ಒಂಬತ್ತು ವರ್ಷದ ಮಗನ ಗಣಿತದ ನೋಟ್‌ಬುಕ್ ತಿರುವಿ ನೋಡಿದ. "ಭಾವ, ಇವನನ್ನ ಮೆಣಸಿನಕಾಯಿ ಥರ ಬಳ್ಳಾರಿ ಬಿಸಿಲಲ್ಲಿ ಒಣಗಿಸಬೇಡಿ. ನಮ್ಮ ಕಡೆ ಕಳಿಸಿ" ಅಂದ. ಅಲ್ಲಿನ ಸರ್ಕಾರಿ ಶಾಲೆಗೂ ಹೊರದೇಶದ ಮಕ್ಕಳು ಸೇರಬಹುದು. ಪ್ರೈಮರಿ 2ರಿಂದ 5ರವರೆಗೆ ಎಇಐಎಸ್ ಅಂತ ಒಂದು ಪರೀಕ್ಷೆ ಇದೆ, ಇಂಗ್ಲಿಷ್ ಮತ್ತು ಗಣಿತ. ಪಾಸಾದರೂ ಸೀಟು ಸಿಕ್ಕೇ ಸಿಗುತ್ತದೆ ಅಂತಿಲ್ಲ, ಜಾಗ ಖಾಲಿ ಇದ್ದರೆ ಮಾತ್ರ. ಈ ಕೊನೆಯ ಮಾತನ್ನು ಅವನು ಊಟ ಮುಗಿಸಿ ಎದ್ದು ಹೋಗುವಾಗ ಮೆಲ್ಲಗೆ ಹೇಳಿದ.

ನನ್ನ ಹೆಂಡತಿ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ತಮ್ಮ ತನ್ನ ಮಗನ ಗಣಿತದ ಬಗ್ಗೆ ಮಾತಾಡಿದ್ದು ಅವಳಿಗೆ ನಾಟಿತು. "ಕಳಿಸೇ ಬಿಡೋಣ ರೀ" ಅಂದಳು.

ಸರಿ, ಹುಡುಗನ ಜೊತೆ ಯಾರು ಇರಬೇಕು? ಬಾಮೈದ ಬೆಳಿಗ್ಗೆ ಮನೆ ಬಿಟ್ಟರೆ ರಾತ್ರಿ ಸೇರುವವನು. ಹೆಂಡತಿಗೆ ನೌಕರಿ. ಸರ್ಕಾರಿ ಕೆಲಸದ ಹೆಣ್ಣುಮಕ್ಕಳಿಗೆ ಶಿಶುಪಾಲನಾ ರಜೆ ಅಂತ ಇದೆ, ನಿಜ. ಆದರೆ ಇಡೀ ಸರ್ವೀಸಿಗೆ ಸೇರಿ ಆರೇ ತಿಂಗಳು. ಅದರಲ್ಲಿ ಒಂದಷ್ಟು ಮಗನ ಟೈಫಾಯ್ಡ್‌ಗೇ ಖರ್ಚಾಗಿತ್ತು. ಉಳಿದವನು ನಾನು. ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಜಿಪ್, ಬಟನ್, ದಾರ ಮಾರುವ ಅಂಗಡಿ ನನ್ನದು. ಅಂಗಡಿ ಹುಡುಗನ ಮೇಲೆ ಬಿಟ್ಟರೆ ಹೇಗೋ ನಡೆಯುತ್ತದೆ. ನಾನು ಕೂತರೂ ಹೇಗೋ ತಾನೇ ನಡೆಯುತ್ತಿರೋದು? ಮನಸ್ಸಿನಲ್ಲೇ ಸೂಟ್‌ಕೇಸ್ ಕಟ್ಟಿಬಿಟ್ಟೆ. ಮಗನನ್ನು ಶಾಲೆಗೆ ಬಿಟ್ಟು ಸಮುದ್ರದ ದಂಡೆಯಲ್ಲಿ ಪೇಪರ್ ಓದುತ್ತಾ ಕೂರುವ ಚಿತ್ರ ಕಣ್ಣಿಗೆ ಬಂತು.

ಹೆಂಡತಿ ಫೋನ್ ಹಿಡಿದು ನಿಯಮ ಓದಿದಳು. ಅಲ್ಲಿ ಓದುವ ಮಗುವಿಗೆ ಸ್ಟೂಡೆಂಟ್ ಪಾಸ್. ಮಗುವನ್ನು ನೋಡಿಕೊಳ್ಳುವವರಿಗೆ ಲಾಂಗ್ ಟರ್ಮ್ ವಿಸಿಟ್ ಪಾಸ್. ಯಾರಿಗೆ ಕೊಡ್ತಾರೆ? ತಾಯಿಗೆ ಅಥವಾ ಅಜ್ಜಿಗೆ.

"ಆಮೇಲೆ?" ಅಂದೆ.

"ಆಮೇಲೆ ಏನಿಲ್ಲ. ಫುಲ್‌ಸ್ಟಾಪ್."

ಫೋನ್ ಕಸಿದುಕೊಂಡು ನಾನೇ ಓದಿದೆ. ಅಪ್ಪ ಇಲ್ಲ. ತಾತನೂ ಇಲ್ಲ. ಇಷ್ಟು ಸಾಲದು ಅಂತ ಹೆಂಡತಿ ಇದನ್ನು ಅಕ್ಕಪಕ್ಕದ ಮನೆಗೆಲ್ಲ ಹೇಳಿ ಬಂದಳು. "ಅವರು ಎಷ್ಟು ಮುಂದುವರಿದ ದೇಶ ನೋಡಿ, ಗಂಡಸರನ್ನ ಕೂಡಲೇ ಗುರುತು ಹಿಡಿದಿದ್ದಾರೆ."

ಹಟಕ್ಕೆ ಬಿದ್ದು ಬೇರೆ ದೇಶಗಳನ್ನು ಹುಡುಕಿದೆ. ಇಷ್ಟು ದೊಡ್ಡ ಭೂಮಿಯ ಮೇಲೆ ಅಪ್ಪನಿಗೆ ಬೆಲೆ ಕೊಡುವ ದೇಶ ಒಂದೂ ಇಲ್ಲವೇ? ಇಂಗ್ಲೆಂಡಿನಲ್ಲಿ ಇದೆ. ಮಗುವಿಗೆ 4ರಿಂದ 11 ವರ್ಷ ಇರಬೇಕು, ಫೀಸ್ ಕಟ್ಟುವ ಖಾಸಗಿ ಶಾಲೆಯಲ್ಲಿ ಓದಬೇಕು. ಆಗ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಜೊತೆಗಿರಬಹುದು. ಒಬ್ಬರೇ. ಕೆಲಸ ಮಾಡುವ ಹಾಗಿಲ್ಲ. ಮಗನಿಗೆ 12 ತುಂಬಿತೋ, ವೀಸಾ ಮುಗಿಯಿತು. ಔಷಧಿ ಬಾಟ್ಲಿ ಮೇಲೆ ಎಕ್ಸ್‌ಪೈರಿ ಡೇಟ್ ನೋಡಿದ್ದೆ, ಅಪ್ಪಂದಿರ ಮೇಲೆ ನೋಡಿದ್ದು ಇದೇ ಮೊದಲು. ಅಲ್ಲಿನ ಶಾಲೆಗಳ ಫೀಸ್ ನೋಡಿದ ಮೇಲೆ ಆ ಪುಟ ಮುಚ್ಚಿಬಿಟ್ಟೆ.

ಆಸ್ಟ್ರೇಲಿಯಾದವರು ಉದಾರಿಗಳು. ಅಲ್ಲಿ ಸ್ಟೂಡೆಂಟ್ ಗಾರ್ಡಿಯನ್ ವೀಸಾ ಅಂತ ಇದೆ, ಸಬ್‌ಕ್ಲಾಸ್ 590. ಮಗುವಿಗೆ 18 ಆಗುವವರೆಗೆ ಅಪ್ಪ ಇರಬಹುದು, ಅಮ್ಮ ಇರಬಹುದು, ಅಪ್ಪ ಅಮ್ಮ ಒಪ್ಪಿ ಕಳಿಸಿದ ನೆಂಟರೂ ಇರಬಹುದು. ಗಾರ್ಡಿಯನ್‌ಗೆ 21 ವರ್ಷ ಆಗಿರಬೇಕು. ಅಲ್ಲೂ ಕೆಲಸ ಮಾಡುವ ಹಾಗಿಲ್ಲ. ಬೇಕಿದ್ದರೆ ಮೂರು ತಿಂಗಳವರೆಗೆ ಏನಾದರೂ ಕಲಿಯಬಹುದು. ಕೆಲಸ ಮಾಡಕೂಡದು ಅಂತ ಕಾನೂನೇ ಹೇಳುವ ದೇಶ! ಖುಷಿಯಿಂದ ಹೆಂಡತಿಗೆ ಓದಿ ಹೇಳಿದೆ. "ಅದಕ್ಕೆ ಅಷ್ಟು ದೂರ ಯಾಕೆ ಹೋಗ್ತೀರಿ?" ಅಂದಳು. ಅಲ್ಲದೆ ಆಸ್ಟ್ರೇಲಿಯಾದಲ್ಲಿ ನಮಗೆ ಬಾಮೈದ ಇಲ್ಲ.

ಎಲ್ಲಕ್ಕಿಂತ ತಮಾಷೆ ಅಂದ್ರೆ ಅಮೆರಿಕ. ಅಲ್ಲಿ ಓದುವ ವಿದ್ಯಾರ್ಥಿಗೆ ಎಫ್-1 ವೀಸಾ. ಅವನ ಜೊತೆ ಹೋಗುವವರಿಗೆ ಎಫ್-2. ಎಫ್-2 ಯಾರಿಗೆ? ಹೆಂಡತಿ ಅಥವಾ ಗಂಡನಿಗೆ, ಮತ್ತು ಮಕ್ಕಳಿಗೆ. ಅಪ್ಪ ಅಮ್ಮನಿಗೆ ಇಲ್ಲ. ಅಂದ್ರೆ ನಮ್ಮ ನಾಲ್ಕನೇ ಕ್ಲಾಸಿನವನು ಎಫ್-2ನಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಬಹುದು, ಅವ್ವನನ್ನು ಕರೆದುಕೊಂಡು ಹೋಗೋ ಹಾಗಿಲ್ಲ. ಇದನ್ನು ಕೇಳಿ ನಮ್ಮವ್ವ ಗಂಭೀರವಾಗಿ ಹೇಳಿದಳು, "ಮತ್ತ ಮೊದ್ಲ ಒಂದು ಹೆಣ್ಣು ನೋಡ್ರಿ." ಬಾಲ್ಯವಿವಾಹದ ಕಾಯ್ದೆಯನ್ನು ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಸಂಜೆಯಾಯಿತು.

ಹಾಗಾಗಿ ತಿರುಗಿ ಸಿಂಗಾಪುರಕ್ಕೇ ಬಂದೆವು. ಅಮ್ಮನಿಗೆ ರಜೆ ಇಲ್ಲ, ಅಜ್ಜಿ ಆಗಬೇಕು. ಅಜ್ಜಿಯರು ನಮ್ಮಲ್ಲಿ ಇಬ್ಬರು. ಬಳ್ಳಾರಿ ಅಜ್ಜಿ ಅಂದ್ರೆ ನಮ್ಮವ್ವ. ರಾಯಚೂರು ಅಜ್ಜಿ ಅಂದ್ರೆ ನಮ್ಮತ್ತೆ. ಮೊಮ್ಮಗ ಒಬ್ಬ, ಪಾಸೂ ಒಂದೇ. ಬೀಗತಿಯರ ನಡುವೆ ಏನು ನಡೆಯಿತು ಅನ್ನೋದನ್ನು ನಾನು ಇಲ್ಲಿ ಬರೆಯೋದಿಲ್ಲ. ನಾನು ಇನ್ನೂ ಎರಡೂ ಮನೆಯಲ್ಲಿ ಊಟ ಮಾಡಬೇಕಿದೆ. ಕೊನೆಗೆ ಗಂಡಿನ ಕಡೆಯವಳು ಅಂತ ನಮ್ಮವ್ವನ ಹೆಸರೇ ನಿಂತಿತು.

ಕಷ್ಟ ಶುರುವಾಗಿದ್ದು ಇಲ್ಲಿಂದ. ನಮ್ಮವ್ವ ನನ್ನ ಮಗನ ಅಜ್ಜಿ ಅಂತ ಕಾಗದದಲ್ಲಿ ತೋರಿಸಬೇಕು. ಮಗನ ಜನನ ಪ್ರಮಾಣಪತ್ರದಲ್ಲಿ ನಾನು ಅಪ್ಪ ಅಂತ ಇದೆ. ಇನ್ನು ನಾನು ನಮ್ಮವ್ವನ ಮಗ ಅಂತ ತೋರಿಸಿದರೆ ಆಯ್ತು. ನಾನು ಹುಟ್ಟಿದ್ದು ಸಿರುಗುಪ್ಪ ಕಡೆಯ ಹಳ್ಳಿಯ ಮನೆಯಲ್ಲಿ. ಜನನ ಪ್ರಮಾಣಪತ್ರ ಇಲ್ಲ. ಇರೋದು ಶಾಲೆಯ ಟಿ.ಸಿ. ಒಂದೇ. ಅದರಲ್ಲಿ ಜೂನ್ 1 ಅಂತ ಹುಟ್ಟಿದ ದಿನ. ನಮ್ಮ ಕ್ಲಾಸಿನಲ್ಲಿ ಸುಮಾರು ಎಲ್ಲರೂ ಜೂನ್ 1ಕ್ಕೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮೇಷ್ಟ್ರಿಗೆ ಆ ತಾರೀಖು ಬರೆಯೋದು ಅನುಕೂಲ. ಇರಲಿ. ಟಿ.ಸಿ.ಯಲ್ಲಿ ತಂದೆಯ ಹೆಸರಿಗೆ ಜಾಗ ಇತ್ತು. ತಾಯಿಯ ಹೆಸರು ಎಲ್ಲೂ ಇರಲಿಲ್ಲ. ನಮ್ಮೂರ ಶಾಲೆಗೆ ಅವ್ವ ಬೇಡ, ಸಿಂಗಾಪುರಕ್ಕೆ ಅಪ್ಪ ಬೇಡ. ಎರಡರ ನಡುವೆ ನಾನು.

ಆಧಾರ್ ಇದೆಯಲ್ಲ ಅಂದ್ರೆ, ಅದರಲ್ಲಿ ನಮ್ಮವ್ವನ ಹೆಸರಿನ ಕೊನೆಯ 'ವ್ವ' ಹೋಗಿ 'ಮ್ಮ' ಆಗಿದೆ. ರೇಷನ್ ಕಾರ್ಡಿನಲ್ಲಿ 'ವ್ವ' ಇದೆ. ಬ್ಯಾಂಕಿನಲ್ಲಿ ಎರಡೂ ಇಲ್ಲ, ಬರೀ ಇನಿಶಿಯಲ್. ಮೂರೂ ಒಬ್ಬಳೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆವು. "ನಾನು ನಾನೇ ಅಂತ ಹೇಳಾಕ ರೊಕ್ಕ ಕೊಡಬೇಕೇನು?" ಅಂತ ಅವ್ವ ನೋಟರಿಯನ್ನೇ ಕೇಳಿದಳು. ಅವರು ತಲೆ ಎತ್ತದೆ ಸೀಲು ಒತ್ತಿದರು.

ತಿಳಿದವರೊಬ್ಬರು ವಂಶವೃಕ್ಷ ಮಾಡಿಸಿ ಅಂದರು. ಅದರಲ್ಲಿ ಎಲ್ಲರ ಸಂಬಂಧವೂ ಬರುತ್ತೆ, ಸರ್ಕಾರಿ ಕಾಗದ, ಯಾರೂ ಮಾತಾಡೋಲ್ಲ. ಊರಿಗೆ ಹೋಗಿ ಅರ್ಜಿ ಕೊಟ್ಟೆ. ಅಲ್ಲಿ ಕೂತವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮೊದಲು ಕೇಳಿದ್ದು, "ಯಾರು ತೀರಿಕೊಂಡ್ರು?"

"ಯಾರೂ ಇಲ್ರಿ. ನಮ್ಮವ್ವ ಗಟ್ಟಿ ಇದ್ದಾಳೆ. ಸಿಂಗಾಪುರಕ್ಕೆ ಹೊರಟಿದ್ದಾಳೆ."

"ಸಾಯದೇ ವಂಶವೃಕ್ಷ ಯಾಕ್ರಿ? ಮೂಲಪುರುಷ ಯಾರು?"

"ಮೂಲಪುರುಷನನ್ನ ಅವರು ಒಪ್ಪೋದಿಲ್ರಿ. ನನಗೆ ಮೂಲಸ್ತ್ರೀ ಬೇಕು."

ಅವರು ಪಕ್ಕದ ಟೇಬಲ್ಲಿನವರನ್ನು ಕರೆದು ನನ್ನನ್ನು ತೋರಿಸಿದರು. ಇಬ್ಬರೂ ಚಹಾ ತರಿಸಿದರು. ನನಗೂ ಕೊಟ್ಟರು ಅನ್ನಿ. ಒಳ್ಳೆಯ ಜನ. ಕೊನೆಗೆ ನಮ್ಮ ತಾತನ ಹೆಸರನ್ನೇ ಮೇಲೆ ಇಟ್ಟು ಅರ್ಜಿ ಬರೆಸಿದರು. ತಾತನ ಕೆಳಗೆ ದೊಡ್ಡಪ್ಪ, ನಮ್ಮಪ್ಪ, ಇಬ್ಬರು ಅತ್ತೆಯರು, ಅವರ ಮಕ್ಕಳು ಮರಿ ಎಲ್ಲ. ಪಂಚನಾಮೆಗೆ ಊರಿನ ನಾಲ್ಕು ಜನ ಹಿರಿಯರ ಸಹಿ.

ಹಿರಿಯರು ಸಹಿ ಹಾಕಿದರು. ಹಾಕಿ ಸುಮ್ನೆ ಇರ್ತಾರಾ? ನಾನು ಬಳ್ಳಾರಿ ಬಸ್ಸು ಹತ್ತುವ ಮೊದಲೇ ಊರಲ್ಲಿ ಸುದ್ದಿ. ಸಿಂಗಾಪುರ ಗಿಂಗಾಪುರ ಎಲ್ಲ ನೆಪ, ಇವನು ಹೊಲ ಭಾಗ ಮಾಡಿಸಾಕ ಬಂದಾನ. ವಂಶವೃಕ್ಷ ಅಂದ್ರೆ ನಮ್ಮ ಕಡೆ ಇನ್ನೇನು ಅರ್ಥ? ತಾತ ತೀರಿಹೋಗಿ ಎಷ್ಟೋ ವರ್ಷವಾದರೂ ಪಹಣಿ ಅವರ ಹೆಸರಲ್ಲೇ ಇತ್ತು. ಯಾರೂ ಆ ಮಾತು ತೆಗೆದಿರಲಿಲ್ಲ. ತೆಗೆಯದೆ ಇದ್ದದ್ದರಿಂದಲೇ ಹಬ್ಬ ಹುಣ್ಣಿಮೆಗೆ ಒಟ್ಟಿಗೆ ಊಟ ಮಾಡುತ್ತಿದ್ದೆವು.

ಮೊದಲು ದೊಡ್ಡಪ್ಪನ ಮಗ ಅಂಗಡಿಗೆ ಬಂದ. ಜಿಪ್ ಡಬ್ಬಿಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತ. "ಅಲ್ಲಲೇ ತಮ್ಮಾ, ನಿನಗ ಕಾಲುವೆ ಪಕ್ಕದ ತುಂಡು ಬೇಕಿದ್ರ ನನ್ನ ಕೇಳಬೇಕಿತ್ತು. ಹಿಂಗ ಕಳ್ಳದಾರಿ ಯಾಕ?" ಅಂದ. ನಾನು ಸ್ಟೂಡೆಂಟ್ ಪಾಸು, ವಿಸಿಟ್ ಪಾಸು ಎಲ್ಲ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. "ಮೊಮ್ಮಗ ಸಾಲಿ ಕಲಿಯಾಕ ತಾತನ ಹೊಲದ ಕಾಗದ ಯಾಕ ಬೇಕು, ಅದನ್ನ ಹೇಳು" ಅಂದ. ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಆಮೇಲೆ ಅತ್ತೆಯರಿಂದ ಫೋನ್. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿದ್ದಾರೆ ಅನ್ನೋದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಬ್ಬರೂ ಒಂದೇ ಮಾತು ಹೇಳಿದರು. "ನಮಗೇನೂ ಬ್ಯಾಡಪ್ಪ. ಸುಮ್ನ ಎಷ್ಟು ಬರ್ತೈತಿ ಅಂತ ಕೇಳಿದ್ವಿ."

ಈ ಗದ್ದಲದ ನಡುವೆ ವಂಶವೃಕ್ಷ ಬಂತು. ನಮ್ಮವ್ವನ ಹೆಸರು ಕೊನೆಗೂ ಒಂದು ಕಾಗದದಲ್ಲಿ ನನ್ನ ಹೆಸರಿನ ಮೇಲೆ ಇತ್ತು. ಆವತ್ತು ರಾತ್ರಿ ಬಾಮೈದ ವಿಡಿಯೋ ಕಾಲ್ ಮಾಡಿದ. ಅವನಿಗೆ ಆಗ ನಡುರಾತ್ರಿ ದಾಟಿತ್ತು, ಅವರು ನಮಗಿಂತ ಎರಡೂವರೆ ಗಂಟೆ ಮುಂದೆ. ಅವ್ವ ಎಲೆ ಮಡಚುತ್ತಾ ಕೂತಿದ್ದಳು. ಸುಣ್ಣ, ಅಡಿಕೆ, ಮೇಲೊಂದು ಚೂರು ತಂಬಾಕು. ಬಾಮೈದ ಪರದೆಯಲ್ಲೇ ಬೆಚ್ಚಿಬಿದ್ದ.

"ಅತ್ತೆ, ಎಲೆ ಅಡಿಕೆ ಇಲ್ಲಿ ಸಿಗುತ್ತೆ. ತಂಬಾಕು ಮಾತ್ರ ತರಬೇಡಿ. ಜಗಿಯೋ ತಂಬಾಕು ಇಲ್ಲಿ ಪೂರ್ತಿ ಬಂದ್."

"ಒಂದು ಚೂರು?"

"ಚೂರೂ ಇಲ್ಲ. ಚ್ಯೂಯಿಂಗ್ ಗಮ್ಮನ್ನೇ 1992ರಿಂದ ದೇಶದೊಳಗೆ ಬಿಟ್ಟಿಲ್ಲ ಇವರು."

ಅವ್ವ ಎಲೆ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಮುಖದಲ್ಲಿ ಒಂದು ಥರದ ತ್ಯಾಗದ ಕಳೆ ಬಂತು. "ರಾಯಚೂರು ಬೀಗತಿನೇ ಹೋಗ್ಲಿ ಪಾಪ. ಅವ್ರಿಗೂ ಮೊಮ್ಮಗ ಅಲ್ಲೇನು? ಅವ್ರೂ ನಾಕು ಊರು ನೋಡ್ಲಿ" ಅಂದಳು. ಇಷ್ಟು ದೊಡ್ಡ ಮನಸ್ಸನ್ನು ನಾನು ನಮ್ಮವ್ವನಲ್ಲಿ ಅದಕ್ಕೂ ಮೊದಲು ಕಂಡಿರಲಿಲ್ಲ.

ರಾಯಚೂರು ಅಜ್ಜಿಗೆ ಕಾಗದದ ತೊಂದರೆ ಇಲ್ಲ. ನನ್ನ ಹೆಂಡತಿ ಹುಟ್ಟಿದ್ದು ಆಸ್ಪತ್ರೆಯಲ್ಲಿ, ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಅಕ್ಷರ ತಪ್ಪದೆ ಇದೆ. ಅತ್ತೆ ಪುಂಡಿಪಲ್ಯದ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ಕರ್ಚಿಕಾಯಿ ಎಲ್ಲದರ ಪಟ್ಟಿ ಮಾಡಿದರು. ಕರ್ಚಿಕಾಯಿಯಲ್ಲಿ ಗಸಗಸೆ ಇದೆಯಾ ಅಂತ ಬಾಮೈದ ಕೇಳಿದ. ಗಸಗಸೆ ಇಲ್ಲದ ಕರ್ಚಿಕಾಯಿ ಯಾರು ಮಾಡ್ತಾರೆ? ಅಲ್ಲಿ ಗಸಗಸೆಗೆ ಪ್ರವೇಶ ಇಲ್ಲ. ಅಫೀಮಿನ ಗಿಡದ ಬೀಜ ಅಂತ ಮಾದಕವಸ್ತು ತಡೆಯುವವರು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದ್ದಾರೆ. "ನಲವತ್ತು ವರ್ಷದಿಂದ ಹಬ್ಬಕ್ಕ ನಾ ಇದನ್ನ ತಿನಿಸೀನೇನ್ರಿ ಎಲ್ಲಾರಿಗೂ?" ಅಂತ ಅತ್ತೆ ಗಾಬರಿಯಾದರು. ಗಸಗಸೆ ಪಾಯಸ ಕುಡಿದು ಮಾವ ಮಧ್ಯಾಹ್ನ ಯಾಕೆ ಅಷ್ಟು ಮಲಗುತ್ತಿದ್ದರು ಅನ್ನೋದು ಎಲ್ಲರಿಗೂ ಹೊಳೆಯಿತು.

ಮಾವನ ಮಾತು ಬಂದದ್ದೇ ತಡ, ಅಸಲು ತೊಂದರೆ ಎದ್ದು ನಿಂತಿತು. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಕೋಟಿ ಲೆಕ್ಕ ನೋಡಿದವರು. ಆದರೆ ಗ್ಯಾಸ್ ಹಚ್ಚಲು ಬರುವುದಿಲ್ಲ. ಅತ್ತೆ ಒಂದು ದಿನ ಮದುವೆಗೆ ಹೋದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಹೊಟ್ಟೆ ಕೆಡಿಸಿಕೊಳ್ಳುವವರು. ಅವರಿಗೆ ಅಲ್ಲಿ ಪಾಸು ಇಲ್ಲ. ಮೊಮ್ಮಗನನ್ನು ನೋಡಿಕೊಳ್ಳಲು ಅತ್ತೆ ಹೋದರೆ, ಮಾವನನ್ನು ನೋಡಿಕೊಳ್ಳಲು ಯಾರು? "ಸಣ್ಣವನ್ನ ನಾ ಹೆಂಗರ ಸಂಭಾಳಿಸೇನು ಅಳಿಯರೇ" ಅಂದರು ಅತ್ತೆ, "ದೊಡ್ಡಾವ್ರನ್ನ ನೀವು ಇಟ್ಗೋತೀರೇನು?"

ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಪರೀಕ್ಷೆ ಬರುವ ವರ್ಷವೂ ಇದೆಯಲ್ಲ ಅಂತ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಮಗ ಸದ್ಯ ಬಳ್ಳಾರಿಯಲ್ಲೇ ಓದುತ್ತಿದ್ದಾನೆ. ಗಣಿತ ಹಾಗೇ ಇದೆ.

ಆದರೆ ಹೊಲ ಭಾಗವಾಯಿತು. ಎದ್ದ ಮಾತು ಕೂರಲಿಲ್ಲ. ವಂಶವೃಕ್ಷ ಕೈಯಲ್ಲೇ ಇತ್ತು, ಮತ್ತೊಮ್ಮೆ ಅರ್ಜಿ ಹಾಕುವ ಕೆಲಸ ಎಲ್ಲರಿಗೂ ಉಳಿಯಿತು. ಏನೂ ಬೇಡ ಅಂದಿದ್ದ ಅತ್ತೆಯರು ತಮ್ಮ ಪಾಲು ತಗೊಂಡರು, ತಗೊಳ್ಳಬೇಕಾದ್ದೇ. ಕಾಲುವೆ ಪಕ್ಕದ ತುಂಡು ದೊಡ್ಡಪ್ಪನ ಮಗನಿಗೆ ಹೋಯಿತು. ನನಗೆ ಬಂದದ್ದು ರಸ್ತೆ ಬದಿಯ ಕಲ್ಲು ನೆಲ. ಅದಕ್ಕೆ ನೀರು ಹತ್ತುವುದಿಲ್ಲ.

ಮೊನ್ನೆ ದೊಡ್ಡಪ್ಪನ ಮಗ ಮತ್ತೆ ಅಂಗಡಿಗೆ ಬಂದಿದ್ದ. ಅದೇ ಸ್ಟೂಲ್ ಎಳೆದುಕೊಂಡು ಕೂತ. ಚಹಾ ತರಿಸಿದೆ. ಅದೂ ಇದೂ ಮಾತಾಡಿ, ದನಿ ತಗ್ಗಿಸಿ ನನ್ನ ಬಾಮೈದನ ನಂಬರ್ ಕೇಳಿದ. ಅವನ ಮಗಳಿಗೆ ಈಗ ಎಂಟು ವರ್ಷ.

"ವಂಶವೃಕ್ಷ ಹೆಂಗಿದ್ರೂ ಐತಿ" ಅಂದ. "ಮತ್ತ ನಮ್ಮವ್ವ ತಂಬಾಕು ತಿನ್ನಂಗಿಲ್ಲ."