ಜವಾನನಿಗೊಂದು ಕಾನೂನು, ಶಾಸಕನಿಗೊಂದು ಕಾನೂನು

ತಾಲ್ಲೂಕು ಕಚೇರಿಯ ಜವಾನನೊಬ್ಬ ಕಡತ ಮುಂದೆ ತಳ್ಳೋದಕ್ಕೆ ಐನೂರು ರೂಪಾಯಿ ಈಸಿಕೊಂಡು ಲೋಕಾಯುಕ್ತರ ಬಲೆಗೆ ಬಿದ್ದ ಅಂತಿಟ್ಟುಕೊಳ್ಳಿ. ಮೊದಲು ಅಮಾನತು. ಕೋರ್ಟಿನಲ್ಲಿ ಅಪರಾಧ ಸಾಬೀತಾದರೆ ಇಲಾಖಾ ವಿಚಾರಣೆಯೂ ಇಲ್ಲದೆ ಅವನನ್ನು ವಜಾ ಮಾಡಬಹುದು, ಸಂವಿಧಾನದ 311ನೇ ವಿಧಿಯಲ್ಲೇ ಅದಕ್ಕೆ ಅವಕಾಶವಿದೆ. ವಜಾ ಆದವನಿಗೆ ಮತ್ತೆ ಸರ್ಕಾರಿ ನೌಕರಿ ಕನಸಿನ ಮಾತು. ಅದೇ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಶಾಸಕನೊಬ್ಬ ಜೈಲಿಗೆ ಹೋದರೆ, ಬಿಡುಗಡೆಯಾಗಿ 6 ವರ್ಷ ಕಳೆದ ಮೇಲೆ ಮತ್ತೆ ನಾಮಪತ್ರ ಸಲ್ಲಿಸಬಹುದು. ಗೆದ್ದು ಬಂದು ಆ ಜವಾನನ ಇಲಾಖೆಗೇ ಮಂತ್ರಿಯೂ ಆಗಬಹುದು. ಇದನ್ನು ಒಪ್ಪೋದಕ್ಕೆ ನನ್ನಿಂದ ಆಗುವುದಿಲ್ಲ.

ಸಾರ್ವಜನಿಕರ ದುಡ್ಡು ನುಂಗಿದ್ದು, ಕೊಲೆ, ಅತ್ಯಾಚಾರ, ಇಂಥ ಅಪರಾಧ ಅಂತಿಮವಾಗಿ ಸಾಬೀತಾದವರು ಬದುಕಿರುವ ತನಕ ಚುನಾವಣೆಗೆ ನಿಲ್ಲಬಾರದು. ಇದು ನನ್ನ ನಿಲುವು. ಇದೇ ಬೇಡಿಕೆಯ ಅರ್ಜಿ 2016ರಿಂದ ಸುಪ್ರೀಂ ಕೋರ್ಟಿನ ಮುಂದಿತ್ತು. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಲ್ಲಿಗೆ ಪ್ರಮಾಣಪತ್ರ ಸಲ್ಲಿಸಿ ಆಜೀವ ನಿಷೇಧವನ್ನು ವಿರೋಧಿಸಿತು. ಅನರ್ಹತೆ ಎಷ್ಟು ವರ್ಷ ಅನ್ನೋದನ್ನು ತೀರ್ಮಾನಿಸುವುದು ಸಂಸತ್ತಿನ ಕೆಲಸ, ಈಗಿರುವ ಕಾಲಮಿತಿ ಸಮಂಜಸ ಅನ್ನುವುದು ಅದರ ವಾದ. ಕಾನೂನು ಮಾಡುವುದು ಸಂಸತ್ತಿನ ಕೆಲಸ, ನಿಜ. ಹಾಗಾದರೆ ಸಂಸತ್ತು ಮಾಡಲಿ.

ಸಂಸತ್ತು ತಾನಾಗಿ ಮಾಡಿದ್ದೇನು ಅಂತ ಹಿಂದಕ್ಕೆ ತಿರುಗಿ ನೋಡಿದರೆ ಸಂಕಟವಾಗುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 8(4)ನೇ ಸೆಕ್ಷನ್ ಪ್ರಕಾರ, ಶಿಕ್ಷೆಯಾದ ಹಾಲಿ ಸಂಸದ ಅಥವಾ ಶಾಸಕ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ ಸಾಕಿತ್ತು, ಅದು ಇತ್ಯರ್ಥವಾಗುವ ತನಕ ಕುರ್ಚಿ ಭದ್ರ. ಅದನ್ನು ಕಿತ್ತುಹಾಕಿದ್ದು ಸಂಸತ್ತಲ್ಲ. ಲಿಲ್ಲಿ ಥಾಮಸ್ ಎಂಬ ಹಿರಿಯ ವಕೀಲೆ ಹೂಡಿದ್ದ ದಾವೆಯಲ್ಲಿ 2013ರ ಜುಲೈ 10ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆಗಿನ ಯುಪಿಎ ಸರ್ಕಾರ ಆ ತೀರ್ಪನ್ನು ಮೀರಲು ಸುಗ್ರೀವಾಜ್ಞೆಯನ್ನೇ ಸಿದ್ಧ ಮಾಡಿಕೊಂಡಿತ್ತು, ರಾಹುಲ್ ಗಾಂಧಿ ಬಹಿರಂಗವಾಗಿ ವಿರೋಧಿಸಿದ ಮೇಲೆ ಹಿಂತೆಗೆದುಕೊಂಡಿತು. ಪಕ್ಷ ಯಾವುದೇ ಇರಲಿ, ಈ ವಿಷಯದಲ್ಲಿ ಎಲ್ಲರೂ ಒಂದೇ ದೋಣಿಯ ಪಯಣಿಗರು.

ನಮ್ಮ ರಾಜ್ಯಕ್ಕೇ ಬರೋಣ. ಬೇಲೆಕೇರಿ ಬಂದರಿನಿಂದ ಜಪ್ತಿ ಮಾಡಿಟ್ಟಿದ್ದ ಕಬ್ಬಿಣದ ಅದಿರು ಮಾಯವಾಗಿದ್ದು 2010ರಲ್ಲಿ. ಆ ಪ್ರಕರಣದಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೆ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಮರುತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಓಬಳಾಪುರಂ ಗಣಿ ಪ್ರಕರಣವನ್ನು ಸಿಬಿಐ ದಾಖಲಿಸಿದ್ದು 2009ರಲ್ಲಿ, ಹೈದರಾಬಾದಿನ ಸಿಬಿಐ ಕೋರ್ಟ್ ಗಾಲಿ ಜನಾರ್ದನ ರೆಡ್ಡಿ ಅವರಿಗೆ 7 ವರ್ಷ ಶಿಕ್ಷೆ ಕೊಟ್ಟಿದ್ದು 2025ರ ಮೇ 6ರಂದು. ಗಂಗಾವತಿಯ ಶಾಸಕ ಸ್ಥಾನ ಹೋಯಿತು, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟಿನ ಆದೇಶ ಬಂದ ಮೇಲೆ ಅದೂ ಮರಳಿ ಸಿಕ್ಕಿತು. ಇಬ್ಬರೂ ಆರೋಪ ಒಪ್ಪಿಲ್ಲ, ಮೇಲಿನ ಕೋರ್ಟ್ ಅವರನ್ನು ನಿರ್ದೋಷಿ ಅಂದರೂ ಅನ್ನಬಹುದು. ನನ್ನ ತಕರಾರು ಅದಲ್ಲ. ಒಂದು ತೀರ್ಪಿಗೆ ಹದಿನಾಲ್ಕು, ಹದಿನೈದು ವರ್ಷ. ಇನ್ನು ಮೇಲ್ಮನವಿಗೆಷ್ಟು ವರ್ಷವೋ! ಅಷ್ಟರಲ್ಲಿ ಮೂರ್ನಾಲ್ಕು ಚುನಾವಣೆ ಮುಗಿದಿರುತ್ತವೆ. ತಪ್ಪು ಮಾಡಿದ್ದರೆ ಜನಕ್ಕೆ ಮೋಸ, ಮಾಡದಿದ್ದರೆ ಅವರ ಹೆಸರಿಗೆ ಅಷ್ಟೂ ವರ್ಷ ಮಸಿ.

ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವಂತೂ ನಮ್ಮ ಬೆಂಗಳೂರಿನಲ್ಲೇ ನಡೆದದ್ದು. 1996ರ ದೂರು, 2014ರ ಸೆಪ್ಟೆಂಬರ್ 27ಕ್ಕೆ ತೀರ್ಪು. ನ್ಯಾಯಾಧೀಶ ಜಾನ್ ಮೈಕಲ್ ಡಿಕುನ್ಹಾ 4 ವರ್ಷ ಸಜೆ, 100 ಕೋಟಿ ದಂಡ ಹಾಕಿದರು. 2015ರಲ್ಲಿ ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿತು, ಅವರು ಮತ್ತೆ ಮುಖ್ಯಮಂತ್ರಿಯಾದರು, 2016ರಲ್ಲಿ ಮತ್ತೊಮ್ಮೆ ಗೆದ್ದರು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ತಳ್ಳಿಹಾಕುವ ಹೊತ್ತಿಗೆ ಜಯಲಲಿತಾ ತೀರಿಕೊಂಡು ಎರಡು ತಿಂಗಳು ದಾಟಿತ್ತು. ಪರಪ್ಪನ ಅಗ್ರಹಾರದ ಜೈಲಿಗೆ ಅವರ ಆಪ್ತೆ, ಅದೇ ಪ್ರಕರಣದ ಅಪರಾಧಿ ಶಶಿಕಲಾ ಬಂದರು. ಅದಕ್ಕೇ ಹೇಳುತ್ತಿದ್ದೇನೆ, ಜನಪ್ರತಿನಿಧಿಗಳ ಮೇಲ್ಮನವಿಯನ್ನು ಇಂತಿಷ್ಟು ತಿಂಗಳಲ್ಲಿ, ಹೆಚ್ಚೆಂದರೆ ಒಂದು ವರ್ಷದಲ್ಲಿ, ಮುಗಿಸಲೇಬೇಕು ಅಂತ ಕಾನೂನಾಗದೆ ಆಜೀವ ನಿಷೇಧ ಬಂದರೂ ಅದು ಕಾಗದದ ಮೇಲೇ ಉಳಿಯುತ್ತದೆ.

ಆ 6 ವರ್ಷವಾದರೂ ಗಟ್ಟಿಯಾಗಿದೆಯಾ? ಅದೂ ಇಲ್ಲ. ಸಿಕ್ಕಿಂನ ಪ್ರೇಮ್ ಸಿಂಗ್ ತಮಾಂಗ್ ಅವರಿಗೆ ಹಸು ವಿತರಣೆ ಯೋಜನೆಯ ಭ್ರಷ್ಟಾಚಾರದಲ್ಲಿ ಒಂದು ವರ್ಷ ಸಜೆಯಾಗಿತ್ತು. ಅನುಭವಿಸಿ 2018ರ ಆಗಸ್ಟ್‌ನಲ್ಲಿ ಹೊರಬಂದರು. ಲೆಕ್ಕದ ಪ್ರಕಾರ 2024ರ ತನಕ ನಿಲ್ಲುವ ಹಾಗಿರಲಿಲ್ಲ. 2019ರ ಮೇನಲ್ಲಿ ಮುಖ್ಯಮಂತ್ರಿಯಾದರು, ಆರು ತಿಂಗಳೊಳಗೆ ಶಾಸಕರಾಗಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗ ಅದೇ ಪ್ರಜಾಪ್ರತಿನಿಧಿ ಕಾಯ್ದೆಯ 11ನೇ ಸೆಕ್ಷನ್ ಬಳಸಿ 6 ವರ್ಷದ ಅನರ್ಹತೆಯನ್ನು ಒಂದು ವರ್ಷ ಒಂದು ತಿಂಗಳಿಗೆ ಇಳಿಸಿಬಿಟ್ಟಿತು! ಆ 11ನೇ ಸೆಕ್ಷನ್ ಮೊದಲು ಹೋಗಬೇಕು.

ಹಾಗಂತ ಶಿಕ್ಷೆಯಾದವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿ ಅಂತ ನಾನು ಹೇಳುತ್ತಿಲ್ಲ. ರಾಹುಲ್ ಗಾಂಧಿ 2019ರ ಏಪ್ರಿಲ್‌ನಲ್ಲಿ ನಮ್ಮ ಕೋಲಾರದಲ್ಲಿ ಮಾಡಿದ ಭಾಷಣಕ್ಕೆ ಸೂರತ್ ಕೋರ್ಟ್ 2023ರ ಮಾರ್ಚ್‌ನಲ್ಲಿ 2 ವರ್ಷ ಶಿಕ್ಷೆ ಕೊಟ್ಟಿತು. ಮಾನನಷ್ಟಕ್ಕೆ ಇರುವ ಗರಿಷ್ಠ ಶಿಕ್ಷೆಯೇ ಅಷ್ಟು, ಭ್ರಷ್ಟಾಚಾರದಂಥದ್ದಲ್ಲದ ಇಂಥ ಅಪರಾಧದಲ್ಲಿ ಅನರ್ಹತೆಗೆ ಬೇಕಾದ ಕನಿಷ್ಠವೂ ಅಷ್ಟೇ. ಒಂದೇ ಒಂದು ದಿನ ಕಡಿಮೆ ಇದ್ದಿದ್ದರೂ ಸಂಸದ ಸ್ಥಾನ ಉಳಿಯುತ್ತಿತ್ತು. ಗರಿಷ್ಠ ಶಿಕ್ಷೆ ಯಾಕೆ ಅನ್ನೋದಕ್ಕೆ ವಿಚಾರಣಾ ಕೋರ್ಟ್ ಕಾರಣವನ್ನೇ ಕೊಟ್ಟಿಲ್ಲ ಅಂತ ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಅವರ ಪಕ್ಷವನ್ನು ನೀವು ಮೆಚ್ಚಿ, ಬಿಡಿ. ವೇದಿಕೆ ಮೇಲೆ ಆಡಿದ ಮಾತಿಗೂ ಖಜಾನೆಗೆ ಹಾಕಿದ ಕನ್ನಕ್ಕೂ ಕಾನೂನು ವ್ಯತ್ಯಾಸ ಮಾಡಲೇಬೇಕು. ಕಾನೂನು ನೋಡಬೇಕಾದ್ದು ಎಷ್ಟು ವರ್ಷ ಶಿಕ್ಷೆ ಅನ್ನೋದನ್ನಲ್ಲ, ಎಂಥ ಅಪರಾಧ ಅನ್ನೋದನ್ನು.

"ಜನ ಬೇಕು ಅಂತ ಓಟು ಹಾಕಿದರೆ ಬೇಡ ಅನ್ನೋಕೆ ನೀವ್ಯಾರು?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. 25 ತುಂಬದವರು ಶಾಸಕರಾಗುವಂತಿಲ್ಲ, ದಿವಾಳಿ ಅಂತ ಕೋರ್ಟ್ ಘೋಷಿಸಿದವರೂ ನಿಲ್ಲುವಂತಿಲ್ಲ. ಅಲ್ಲಿ ಜನರ ಇಷ್ಟವನ್ನು ಯಾರೂ ಕೇಳಿಲ್ಲವಲ್ಲ? ಇನ್ನು ಮತದಾರರಿಗೆ ಗೊತ್ತಿರುತ್ತದೆ ಅನ್ನುವ ಮಾತು. ಚುನಾವಣೆ ಹೊತ್ತಲ್ಲಿ ಪತ್ರಿಕೆಯ ಒಳಪುಟದಲ್ಲಿ ಅಭ್ಯರ್ಥಿಗಳ ಮೇಲಿನ ಕೇಸುಗಳ ಜಾಹೀರಾತು ಬರುತ್ತದೆ, ಒಮ್ಮೆ ಕೂತು ಓದಿ ನೋಡಿ. ಕೋರ್ಟಿನ ಹೆಸರು, ಪ್ರಕರಣದ ಸಂಖ್ಯೆ, ಸೆಕ್ಷನ್ನುಗಳ ಸಾಲು, ಕೊನೆಯ ಕಾಲಂನಲ್ಲಿ "ವಿಚಾರಣೆ ಬಾಕಿ". ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಅದರಿಂದ ಏನು ತಿಳಿಯುತ್ತದೆ? ನನ್ನ ಅಮ್ಮ ಆ ಪುಟವನ್ನು ನೋಡಿ, "ಇದು ಯಾವುದೋ ಹರಾಜಿನ ನೋಟಿಸು" ಅಂತ ಮಡಚಿಟ್ಟರು.

ಬರೀ ಕೇಸಿದೆ, ಬಂಧನವಾಗಿದೆ ಅಂತ ಯಾರನ್ನೂ ಹೊರಗಿಡುವುದನ್ನು ನಾನು ಒಪ್ಪುವುದಿಲ್ಲ. ಎಫ್‌ಐಆರ್ ಹಾಕಿಸುವುದು ಅಧಿಕಾರದಲ್ಲಿರುವವರಿಗೆ ಎಷ್ಟು ಸಲೀಸು ಅಂತ ಎಲ್ಲರಿಗೂ ಗೊತ್ತು. ಆದರೆ 2025ರ ಆಗಸ್ಟ್‌ನಲ್ಲಿ ಕೇಂದ್ರ ತಂದ ಸಂವಿಧಾನದ 130ನೇ ತಿದ್ದುಪಡಿ ಮಸೂದೆ ಏನು ಹೇಳುತ್ತದೆ ನೋಡಿ. 5 ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಬಹುದಾದ ಪ್ರಕರಣದಲ್ಲಿ ಸತತ 30 ದಿನ ಬಂಧನದಲ್ಲಿದ್ದರೆ ಮಂತ್ರಿಯ ಕುರ್ಚಿ ಹೋಗಬೇಕಂತೆ, ಅಪರಾಧ ಸಾಬೀತಾಗುವ ಮೊದಲೇ. ಸಾಬೀತಾದವರಿಗೆ ಆಜೀವ ನಿಷೇಧ ಬೇಡ ಅಂತ ಅದೇ ವರ್ಷದ ಫೆಬ್ರವರಿಯಲ್ಲಿ ಕೋರ್ಟಿಗೆ ಹೇಳಿದ್ದೂ ಇದೇ ಸರ್ಕಾರ. ಇವೆರಡೂ ಒಟ್ಟಿಗೆ ಹೇಗೆ ಸರಿ ಅಂತ ನಿಮ್ಮ ಕ್ಷೇತ್ರದ ಸಂಸದರು ಸಿಕ್ಕಾಗ ಕೇಳಿ. ನಾನಂತೂ ನಮ್ಮವರಿಗೆ ಪತ್ರ ಬರೆದಿದ್ದೇನೆ, ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.