ಅಟ್ಟದ ಮೇಲಿನ ಕಾಗದಗಳನ್ನ ಬಚ್ಚಲ ಒಲೆಗೆ ಹಾಕ್ಬೇಡಿ

ಸ್ಟಾಂಪ್ ಕಲೆಕ್ಟ್ ಮಾಡ್ತೀನಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ನಿಮ್ಮತ್ರ ಇರೋದ್ರಲ್ಲಿ ತುಂಬಾ ಕಾಸ್ಟ್ಲಿ ಯಾವ್ದು ಅಂತ. 1854ರ ನಾಲ್ಕಾಣೆದು, ರಾಣಿ ತಲೆ ಉಲ್ಟಾ ಪ್ರಿಂಟ್ ಆಗಿರೋದು ಇದ್ಯಾ ಅಂತಾನೂ ಕೇಳಿದಾರೆ. ಇಲ್ಲ, ಅದ್ರ ಹಿಂದೆ ಹೋಗೋ ಆಸೆನೂ ಇಲ್ಲ. ನಾನು ಹುಡುಕೋದು ಸಾಗರದಿಂದ ಶಿವಮೊಗ್ಗ ಅಡಿಕೆ ಮಂಡಿಗೆ ಬರೆದ ಒಂದು ಕಾರ್ಡು, ರಾಶಿ ಅಡಿಕೆಗೆ ಎಷ್ಟು ಬೆಟ್ಟೆ ಅಡಿಕೆಗೆ ಎಷ್ಟು ರೇಟು ನಡೀತಿದೆ ಅಂತ ಕೇಳಿರೋದು, ಪೋಸ್ಟಾಫೀಸಿನ ಠಸ್ಸೆ ಓದೋ ಹಾಗಿದ್ರೆ ಸಾಕು.

ಆ ಠಸ್ಸೆಲೇ ಎಲ್ಲಾ ಇರೋದು. ಹಾಕಿದ ಊರಿಂದು ಒಂದು, ತಲುಪಿದ ಊರಿಂದು ಇನ್ನೊಂದು, ಎರಡೂ ತಾರೀಖು ನೋಡಿದ್ರೆ ಕಾಗದ ಎಷ್ಟು ದಿನ ತಗೊಂಡಿದೆ ಗೊತ್ತಾಗತ್ತೆ. ಠಸ್ಸೆ ಅಳಿಸಿ ಹೋಗಿದ್ರೂ ಬೇರೆ ದಾರಿ ಇದೆ. ಆಣೆ ಸ್ಟಾಂಪ್ ಇದ್ರೆ ಸಾಮಾನ್ಯವಾಗಿ 1957ಕ್ಕಿಂತ ಹಳೇದು, ಅಡ್ರೆಸ್‌ನಲ್ಲಿ 577ರಿಂದ ಶುರುವಾಗೋ ನಮ್ಮ ಕಡೆ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ 15 ಆದ್ಮೇಲಿಂದು. 1971ರ ನವೆಂಬರಿಂದ 1973ರ ಮಾರ್ಚ್ ತನಕದ ಕವರ್ ನೋಡಿ, ಮಾಮೂಲಿ ಸ್ಟಾಂಪ್ ಪಕ್ಕ ಐದು ಪೈಸೆದು ಇನ್ನೊಂದು ಇರತ್ತೆ, ಬಾಂಗ್ಲಾ ಕಡೆಯಿಂದ ಬಂದ ನಿರಾಶ್ರಿತರಿಗೆ ಅಂತ ಸರ್ಕಾರ ಹಾಕಿದ ತೆರಿಗೆ ಅದು, ಶುರುಲಿ ಕುಟುಂಬ ಯೋಜನೆ ಸ್ಟಾಂಪಿನ ಮೇಲೇ ರೆಫ್ಯೂಜಿ ರಿಲೀಫ್ ಅಂತ ಅಚ್ಚು ಹಾಕಿ ಕೊಟ್ರು. ತೀರ್ಥಹಳ್ಳಿ ಕಡೆ ಯಾವ್ದೋ ಒಂಟಿ ಮನೆಯವ್ರು ಮಗಳ ಬಾಣಂತನದ ಸುದ್ದಿ ಬರೆದ ಕವರ್ ಮೇಲೂ ಆ ಐದು ಪೈಸೆ ಇದೆ. ಇದನ್ನ ಕೈಯಲ್ಲಿ ಹಿಡ್ಕೊಂಡಾಗ ಆಗೋ ಖುಷಿನ ಯಾವ ಹರಾಜಿನ ಬೆಲೆನೂ ಕೊಡಲ್ಲ.

ಇನ್ನು ಮುಳುಗಡೆ ಊರುಗಳ ಕಾಗದ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಯ್ತು, ಶರಾವತಿ ಹಿನ್ನೀರಲ್ಲಿ ಮನೆ ತೋಟ ಗದ್ದೆ ದೇವಸ್ಥಾನ ಎಲ್ಲಾ ಹೋಯ್ತು, ಜನ ಸಿಕ್ಕಿದ ಕಡೆ ಹೋಗಿ ನೆಲೆ ನಿಂತ್ರು. ಆಫೀಸ್ ಫೈಲಲ್ಲಿ ಎಕರೆ ಲೆಕ್ಕ ಪರಿಹಾರದ ಲೆಕ್ಕ ಹುಡುಕಿದ್ರೆ ಸಿಗಬಹುದು. ಆದ್ರೆ ಆ ಊರಿಗೆ ಯಾರ್ಯಾರು ಕಾಗದ ಬರೀತಿದ್ರು, ಯಾವ ಊರಿನ ನೆಂಟಸ್ತನ ಇತ್ತು, ಯಾವ ಮಂಡಿ ಜೊತೆ ವ್ಯವಹಾರ ಇತ್ತು, ಅದು ಆ ಕವರ್‌ಗಳ ಮೇಲೆ ಮಾತ್ರ ಇದೆ. ಹಳೇ ಅಡ್ರೆಸ್ ಮೇಲೆ ಗೀಟು ಎಳೆದು ಪಕ್ಕದಲ್ಲಿ ಹೊಸ ಊರಿನ ಹೆಸರು ಬರೆದು ತಿರುಗಿಸಿ ಕಳಿಸಿದ ಒಂದು ಕಾರ್ಡ್ ಸಿಕ್ರೂ ಸಾಕು, ಒಂದು ಕುಟುಂಬ ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಅದಕ್ಕೇ ಸ್ಟಾಂಪಿರೋ ಮೂಲೆ ಮಾತ್ರ ಕತ್ತರಿಸಿ ಬಿಸಿನೀರಲ್ಲಿ ನೆನೆಹಾಕಿ ಆಲ್ಬಮ್‌ಗೆ ಅಂಟಿಸೋ ಅಭ್ಯಾಸ ನಿಲ್ಬೇಕು ಅಂತ ಎಲ್ಲಾ ಕಡೆ ಹೇಳ್ತಿರ್ತೀನಿ. ಮಕ್ಕಳಿಗೆ ಮೊದ್ಲು ಕಲಿಸೋದೇ ಇದನ್ನ. ಸ್ಟಾಂಪು ಲಕ್ಷಗಟ್ಲೆ ಅಚ್ಚಾಗಿರತ್ತೆ, ಆ ಕವರ್ ಅದೊಂದೇ.

ಹೊಸನಗರ ಕಡೆ ಒಂದು ಮನೇಲಿ ಅಜ್ಜಿ ಕೇಳಿದ್ರು, ಎಂತಕಾ ತಮ್ಮಾ ನಿಂಗೆ ಈ ಕಸ, ನೀರು ಕಾಯ್ಸಕ್ಕೆ ಇಟ್ಟಿದ್ದು ಅಂತ. ತಂತಿಗೆ ಚುಚ್ಚಿ ನೇತುಹಾಕಿದ್ದ ಕಾಗದಗಳು, ನಡುಮಧ್ಯ ತೂತು, ಹೊಗೆ ಹಿಡಿದು ಕಂದುಬಣ್ಣ. ಡೀಲರ್‌ಗಳು ತೂತು ನೋಡಿ ಬೆಲೆ ಇಳಿಸ್ತಾರೆ. ನಂಗೆ ಮಾತ್ರ ಆ ತೂತಿರೋ ಕಾಗದಗಳೇ ಹೆಚ್ಚು ಇಷ್ಟ, ಮನೆಯವ್ರು ಓದಿ ಮುಗಿದ್ಮೇಲೂ ಬಿಸಾಕದೆ ಇಟ್ಕೊಂಡಿದ್ರು ಅಂತ ಅರ್ಥ ಅಲ್ವಾ. ಅಜ್ಜಿಗೆ ಅವ್ರ ಗಂಡ ಬರೆದಿದ್ದನ್ನೇ ಓದಿ ಹೇಳ್ದೆ. ಒಲೆಗೆ ಹಾಕಲಿಲ್ಲ, ನಂಗೂ ಕೊಡಲಿಲ್ಲ, ಪೆಟ್ಟಿಗೇಲಿ ಇಟ್ಕೊಂಡ್ರು. ಅದೇ ಸರಿ.

ನಮ್ಮ ಮಳೆಗೆ ಕಾಗದ ಉಳಿಸೋದು ಕಷ್ಟ, ಬೂಷ್ಟು ಬರತ್ತೆ, ಸ್ಟಾಂಪಿನ ಅಂಟು ಕರಗಿ ಒಂದಕ್ಕೊಂದು ಹಿಡ್ಕೊಳತ್ತೆ. ದಯವಿಟ್ಟು ಲ್ಯಾಮಿನೇಟ್ ಮಾಡಿಸ್ಬೇಡಿ, ಸೆಲೋಟೇಪ್ ಹಚ್ಬೇಡಿ. ಬೇಸಿಗೇಲಿ ನೆರಳಲ್ಲಿ ಹರಡಿ ಒಣಗಿಸಿ ಸ್ಟೀಲ್ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಮನೆ ವಿಷಯ ಬೇರೆಯವ್ರು ಓದ್ತಾರಲ್ಲ ಅನ್ನೋ ಸಂಕೋಚ ಇರೋರಿಗೆ, ಕವರ್ ಆದ್ರೆ ಒಳಗಿನ ಕಾಗದ ನೀವೇ ಇಟ್ಕೊಳಿ, ಹೊರಗಿಂದು ಮಾತ್ರ ತೋರ್ಸಿ. ಇನ್‌ಲ್ಯಾಂಡು, ಕಾರ್ಡು ಆದ್ರೆ ಬೇರೆ ಮಾಡಕ್ಕಾಗಲ್ಲ, ಆಗ ಅಡ್ರೆಸ್ ಇರೋ ಕಡೆಯದ್ದಷ್ಟೇ ಫೋಟೋ ತೆಗೆದು ಇನ್‌ಬಾಕ್ಸ್ ಮಾಡಿ.