ಬೆಟ್ಟದಲ್ಲಿ ಕಣಿ ಬಿಡಿಸಿದ ಕತೆ

ನಮ್ಮ ಉಡುಪಿಯ ಚಾರಣ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ "ಈ ಸಲ ನೇತ್ರಾವತಿ ಶಿಖರಕ್ಕೆ ಯಾರ್ಯಾರು?" ಎಂದು ಕೇಳಿ ನೋಡಿ. ಹತ್ತು ನಿಮಿಷದಲ್ಲಿ ಮಿನಿಬಸ್ ಭರ್ತಿ. ಅದೇ ಗ್ರೂಪಿನಲ್ಲಿ "ಭಾನುವಾರ ಶ್ರಮದಾನ, ಯಾರು ಬರ್ತೀರಿ?" ಎಂದರೆ ಕೈಮುಗಿದ ಇಮೋಜಿ ಮಾತ್ರ ಬರುತ್ತದೆ. ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಕೋಲ, ಮತ್ತೊಬ್ಬರಿಗೆ ಮಂಡಿನೋವು. ಮಂಡಿನೋವಿನವರು ಮರುವಾರ ಕೊಡಚಾದ್ರಿಯ ತುದಿಯಲ್ಲಿ ನಿಂತ ಫೋಟೊ ಹಾಕುತ್ತಾರೆ. ಇರಲಿ.

ನಾನೂ ಹಾಗೇ ಇದ್ದವನು, ಸುಳ್ಳು ಯಾಕೆ? ಶ್ರಮದಾನ ಅಂದರೆ ಬ್ಯಾನರ್ ಹಿಡಿದು ನಿಲ್ಲುವುದು, ನಾಲ್ಕು ಬಾಟಲಿ ಹೆಕ್ಕುವುದು, ಪೇಪರಿಗೆ ಫೋಟೊ ಕಳಿಸುವುದು ಅಂತಲೇ ತಿಳಿದಿದ್ದೆ. ಮೊನ್ನೆ ಮಳೆಗಾಲ ಮುಗಿದ ಮೇಲೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ನಾವು ಹದಿನಾಲ್ಕು ಜನ ಕುದುರೆಮುಖದ ದಾರಿಗೆ ಹೋದೆವು. ಕತ್ತಲೆ ಇರುವಾಗಲೇ ಹೊರಟು, ಕಾರ್ಕಳ, ಬಜಗೋಳಿ, ಮಾಳ ದಾಟಿ ಸಂಸೆ ಕಡೆಗೆ. ಬಾಳೆಲೆಯಲ್ಲಿ ಕಟ್ಟಿದ ಬನ್ಸ್ ಘಾಟಿಯ ತಿರುವಿನಲ್ಲೇ ಮುಗಿದಿತ್ತು.

1,894 ಮೀಟರಿನ ಆ ತುದಿಗೆ ನಾವು ಆ ದಿನ ಹೋಗಲೇ ಇಲ್ಲ. ಒಂಟಿಮರ ದಾಟಿ ಸ್ವಲ್ಪ ಮೇಲಿನ ಏರಿನಲ್ಲೇ ಸಂಜೆಯಾಯಿತು. ಮೊದಲ ಸಲ ಬಂದಿದ್ದ ಇಬ್ಬರು ಹುಡುಗರ ಮುಖ ನೋಡಬೇಕಿತ್ತು.

ಆ ಏರಿನಲ್ಲಿ ದಾರಿ ಅಂದರೆ ದಾರಿಯಲ್ಲ, ಮೊಣಕಾಲಿನವರೆಗೆ ಕೊರೆದು ಹೋದ ಚರಂಡಿ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಜಾಗ ಅದು. ಜನ ನಡೆದು ನಡೆದು ಹುಲ್ಲು ಸವೆದ ಕಡೆ ನೀರು ಅದೇ ಗೆರೆ ಹಿಡಿದು ಇಳಿಯುತ್ತದೆ, ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ. ಚರಂಡಿಯಲ್ಲಿ ಕಾಲಿಡಲು ಕಷ್ಟ ಅಂತ ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಎರಡು ಮಳೆಗಾಲ ಕಳೆದರೆ ಅಲ್ಲೊಂದು ಹೊಸ ಚರಂಡಿ. ಒಂದು ಕಡೆ ನಾನು ಲೆಕ್ಕ ಹಾಕಿದೆ, ಅಕ್ಕಪಕ್ಕ ನಾಲ್ಕು ದಾರಿ. ತಿರುವು ಬಿಟ್ಟು ನೇರ ಇಳಿಯುವ "ಶಾರ್ಟ್‌ಕಟ್" ಇದೆಯಲ್ಲ, ಅದು ಇನ್ನೂ ಬೇಗ ಕೊರೆಯುತ್ತದೆ. ನಾನೂ ಎಷ್ಟೋ ಸಲ ಹಾಗೆ ಜಾರಿಕೊಂಡು ಇಳಿದವನೇ.

ಜೊತೆಗಿದ್ದ ಅರಣ್ಯ ಇಲಾಖೆಯ ವಾಚರ್ (ಕಾವಲುಗಾರ) ಅಣ್ಣ ಹೆಚ್ಚು ಮಾತಿನವರಲ್ಲ. ದಾರಿಗೆ ಅಡ್ಡವಾಗಿ, ಸ್ವಲ್ಪ ಓರೆಯಾಗಿ ಹಾರೆಯಿಂದ ಒಂದು ಗೆರೆ ಎಳೆದರು. "ಇಲ್ಲಿ ನೀರು ಹೊರಗೆ ಹೋಗ್ಬೇಕು. ಇಲ್ದಿದ್ರೆ ಮುಂದಿನ ಮಳೆಗೆ ಸೊಂಟದವರೆಗೆ ಹೋಗ್ತದೆ" ಅಂದರು. ಅಷ್ಟೇ. ಗೆರೆಯ ಉದ್ದಕ್ಕೆ ಗೇಣುದ್ದ ಆಳದ ಕಣಿ, ಅಂದರೆ ನೀರು ಹರಿದು ಹೋಗುವ ಕಿರುಕಾಲುವೆ, ತೆಗೆಯಬೇಕು. ಕೆಳಬದಿಗೆ ಚಪ್ಪಟೆ ಕಲ್ಲುಗಳನ್ನು ಅರ್ಧ ಹೂತು ನಿಲ್ಲಿಸಬೇಕು. ಕಲ್ಲಿನ ಮೇಲೆ ನಿಂತು ಕುಣಿದರೂ ಅಲ್ಲಾಡಬಾರದು. ನಾನು ಹೂತ ಮೊದಲ ಕಲ್ಲನ್ನು ಅವರು ಹೆಬ್ಬೆರಳಲ್ಲಿ ಒತ್ತಿ ನೋಡಿ, ಏನೂ ಹೇಳದೆ ಕಿತ್ತು ಬದಿಗಿಟ್ಟರು.

ಆಗ ನೆನಪಾದದ್ದು ಅಪ್ಪ. ಮಳೆಗಾಲಕ್ಕೆ ಮುಂಚೆ ಅಡಿಕೆ ತೋಟದಲ್ಲಿ ಮಾಡುತ್ತಿದ್ದದ್ದು ಇದೇ ಕೆಲಸ ಅಲ್ವಾ? ಕಣಿ ಬಿಡಿಸುವುದು, ನೀರು ಬುಡದಲ್ಲಿ ನಿಲ್ಲದ ಹಾಗೆ ತೋಡಿಗೆ ತಿರುಗಿಸುವುದು. ಚಿಕ್ಕಂದಿನಲ್ಲಿ ಓಡಿ ತಪ್ಪಿಸಿಕೊಂಡ ಕೆಲಸವನ್ನು ಮಿನಿಬಸ್ಸಿಗೆ ದುಡ್ಡು ಕೊಟ್ಟು ಹೋಗಿ ಮಾಡಿದೆ. ಹದಿನಾಲ್ಕು ಜನ ಇಡೀ ದಿನ ದುಡಿದು ಹನ್ನೊಂದು ಕಣಿ. ರಕ್ತ ಹೀರುವ ಉಂಬಳಗಳಿಗೆ ಹಬ್ಬದೂಟ. ಸುಣ್ಣ, ಹೊಗೆಸೊಪ್ಪಿನ ಪುಡಿ ತಂದಿದ್ದವರು ಆ ದಿನದ ಮಟ್ಟಿಗೆ ನಮ್ಮ ನಾಯಕರು.

ನನ್ನ ಅಭಿಪ್ರಾಯ ಇಷ್ಟೇ. ಚಾರಣ ಬಳಗ ಅಂತ ಹೆಸರಿಟ್ಟುಕೊಂಡವರು ನಾಲ್ಕು ಚಾರಣಕ್ಕೆ ಒಂದಾದರೂ ಇಂಥ ಕೆಲಸದ ದಿನ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ನಾವು ಟೂರಿಸ್ಟ್ ಬಸ್ಸು, ಬೇರೇನೂ ಅಲ್ಲ. ಬೈಯುವವರು ಬೈಯಿರಿ.

ಇನ್ನೊಂದು ವಿಷಯದಲ್ಲಿ ನನಗೆ ಬೈಗುಳ ಗ್ಯಾರಂಟಿ. ಸೀಡ್ ಬಾಲ್. ಪ್ರತಿ ಜೂನ್ ತಿಂಗಳಲ್ಲಿ ಯಾರಾದರೊಬ್ಬರು "ಈ ಸಲ ಬೆಟ್ಟದ ಮೇಲೆ ಬೀಜದುಂಡೆ ಎಸೆಯೋಣ" ಅನ್ನುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಕುದುರೆಮುಖದ ಬೋಳು ಗುಡ್ಡ ನಿಜವಾಗಿ ಬೋಳಲ್ಲ ಮಾರಾಯ್ರೆ. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಮೇಲಿನ ಏಣಿನಲ್ಲಿ ಹುಲ್ಲು, ಅದು ಇರುವುದೇ ಹಾಗೆ. ಆ ಹುಲ್ಲಿನ ಬೇರು ಮಳೆನೀರನ್ನು ಹಿಡಿದು ನಿಧಾನಕ್ಕೆ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇದೇ ಬೆಟ್ಟಸಾಲಿನಲ್ಲಿ. ತುಂಬೆ ಅಣೆಕಟ್ಟಿನಿಂದ ಮಂಗಳೂರಿನ ನಲ್ಲಿಗೆ ಬರುವುದು ಆ ನೇತ್ರಾವತಿಯ ನೀರೇ. ಹುಲ್ಲಿನ ಮಧ್ಯೆ ಸಿಕ್ಕ ಸಿಕ್ಕ ಗಿಡದ ಬೀಜ ಎಸೆದು ನಾವು ಯಾರಿಗೂ ಉಪಕಾರ ಮಾಡುವುದಿಲ್ಲ. ಅಕೇಶಿಯ ನೆಟ್ಟು ಕರಾವಳಿಯ ಗುಡ್ಡಗಳಿಗೆ ಏನಾಯಿತು ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಬರೆದಾಗಿದೆ. ಒಂದೇ ಮಾತು. ನಾವು ಹೆಕ್ಕಿದ ಎರಡು ಗೋಣಿಯಲ್ಲಿ ಬಾಟಲಿಗಿಂತ ಜಾಸ್ತಿ ಇದ್ದದ್ದು ವೆಟ್ ವೈಪ್ಸ್. ಅದು ಕಾಗದ, ಕರಗುತ್ತದೆ ಅಂತ ಜನ ತಿಳಿದಿದ್ದಾರೆ. ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ನೂಲಿರುತ್ತದೆ. ಕರಗುವುದಿಲ್ಲ. ಆ ಗೋಣಿಗಳನ್ನು ಕೆಳಗಿನ ಊರಿನಲ್ಲಿ ಬಿಟ್ಟು ಬರಬಾರದು ಅಂತ ನಮ್ಮಲ್ಲಿ ಒಬ್ಬ ಅಕ್ಕ ಹಟ ಹಿಡಿದರು. ಸಂಸೆಯವರು ನಮ್ಮ ಕಸ ಯಾಕೆ ನೋಡಿಕೊಳ್ಳಬೇಕು? ಬಸ್ಸಿನ ಹಿಂದಿನ ಸೀಟಿನಲ್ಲಿ ಗೋಣಿಗಳೂ ನಮ್ಮ ಜೊತೆ ಉಡುಪಿಗೆ ಬಂದವು. ವಾಸನೆಯ ಬಗ್ಗೆ ಕೇಳಬೇಡಿ.

2024ರ ಜನವರಿಯಲ್ಲಿ ಕುಮಾರ ಪರ್ವತದ ಆ ಫೋಟೊ ನೀವೂ ನೋಡಿರುತ್ತೀರಿ, ಜಾತ್ರೆಯ ಹಾಗೆ ಸಾಲು ನಿಂತ ಜನ. ಆಮೇಲೆ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ಒಂದು ದಾರಿಗೆ ದಿನಕ್ಕೆ 300 ಮಂದಿ ಅಂತ ಮಿತಿ ಹಾಕಿತು. ನಮ್ಮ ಗ್ರೂಪಿನಲ್ಲಿ ಆಗ ದೊಡ್ಡ ಗಲಾಟೆ, "ನಮ್ಮೂರ ಬೆಟ್ಟಕ್ಕೆ ನಾವೇ ಟಿಕೆಟ್ ತೆಗೀಬೇಕಾ?" ಅಂತ. ತೆಗೀಬೇಕು. ಮುನ್ನೂರು ಜೋಡಿ ಬೂಟು ಒಂದು ದಿನದಲ್ಲಿ ಆ ಏರಿಗೆ ಏನು ಮಾಡುತ್ತದೆ ಅಂತ ಹಾರೆ ಹಿಡಿದು ನೋಡಿದವನಿಗೆ ಮುನ್ನೂರೇ ಜಾಸ್ತಿ ಅನ್ನಿಸುತ್ತದೆ.

ಬಂದ ಮರುದಿನ ಊರಿಗೆ ಹೋಗಿದ್ದೆ. ಕೈಯ ಬೊಬ್ಬೆ ನೋಡಿ ಅಮ್ಮ ಗಾಬರಿಯಾದರು. ನಾನು ಸ್ವಲ್ಪ ಜಂಬದಿಂದಲೇ ಬೆಟ್ಟದಲ್ಲಿ ಕಣಿ ಬಿಡಿಸಿದ ಕತೆ ಪೂರ್ತಿ ಹೇಳಿದೆ. ಅಪ್ಪ ಅಡಿಕೆ ಸುಲಿಯುತ್ತಾ ಕೇಳಿಸಿಕೊಂಡರು. "ಕಣಿ ಬಿಡಿಸ್ಲಿಕ್ಕೆ ನೂರು ಕಿಲೋಮೀಟರ್ ದೂರ ಹೋಗಿದ್ಯಾ? ನಮ್ಮ ಕೆಳಗಿನ ತೋಟದ್ದು ಎರಡು ವರ್ಷದಿಂದ ಮುಚ್ಚಿಕೊಂಡೇ ಉಂಟು."

ಈ ಭಾನುವಾರ ಗ್ರೂಪಿನ ಚಾರಣಕ್ಕೆ ನಾನಿಲ್ಲ.